ಇಂಚಿಗೊಂದು ವರ್ಷ ಅನ್ನೋ ಲೆಕ್ಕ ದಪ್ಪ ಹಲಗೆಗೆ ನಡೆಯಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ದಪ್ಪ ಮರದ ಟೇಬಲ್ ಮಾಡಿಸೋರಿಗೆ ಅಂತ ಬಂದ ಲೇಖನ ಓದಿದೆ, ಫೋಟೋಗಳು ಚೆನ್ನಾಗಿದ್ವು, ಆದ್ರೆ ಮರ ಒಣಗಿಸೋ ವಿಷಯಾನ "ದಪ್ಪದಲ್ಲಿ ಇಂಚಿಗೊಂದು ವರ್ಷ ಇಟ್ಟಿದ್ರೆ ಸಾಕು" ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದೀರಲ್ಲ, ಆ ಸಾಲನ್ನ ನಂಬ್ಕೊಂಡೇ ನಾನೂ ಒಂದ್ಸಲ ಕೈ ಸುಟ್ಕೊಂಡಿದೀನಿ, ಅದಕ್ಕೇ ಈ ಪತ್ರ.

ಆರ್ಡರ್ ತಗೊಂಡು ಮೇಜು ಬೆಂಚು ಮಾಡ್ಕೊಡೋದು ನನ್ನ ಕೆಲಸ. ಆವತ್ತು ಸಿಕ್ಕಿದ್ದು ಮೂರಿಂಚು ದಪ್ಪದ ಗಟ್ಟಿ ಹಲಗೆ, ಮೂರು ವರ್ಷ ನೆರಳಲ್ಲಿ ಇಟ್ಟಿದ್ದು ಅಂದ್ರು, ಪಾಪ ಅವರೇನೂ ಸುಳ್ಳು ಹೇಳಿರ್ಲಿಲ್ಲ. ಮರದ ತೇವ ಅಳೆಯೋ ಮೀಟರ್ ಚುಚ್ಚಿದೆ, 12 ಪರ್ಸೆಂಟ್ ತೋರಿಸ್ತು, ಖುಷಿಯಾಗಿ ತೋಪಡ ಹೊಡೆದು ಪಾಲಿಶ್ ಮಾಡಿ ಕಳಿಸಿದೆ. ನಾಲ್ಕನೇ ತಿಂಗಳು ಫೋನು, ಮೇಜಿನ ಮೇಲಿಟ್ಟ ಪೆನ್ಸಿಲ್ ತಾನಾಗೇ ಉರುಳ್ತಿದೆ ಅಂತ. ಹೋಗಿ ನೋಡಿದ್ರೆ ಹಲಗೆ ದೋಣಿ ಥರ ಬಾಗಿದೆ, ತುದಿಯಲ್ಲಿ ಉಗುರು ತೂರೋಷ್ಟು ಸೀಳು ಬೇರೆ. ದುಡ್ಡು ವಾಪಸ್ ಕೊಟ್ಟು, ಹಲಗೆ ತಂದು ಅಡ್ಡ ಕೊಯ್ದು, ಕೊಯ್ದ ಮುಖದ ನಡುವಿಗೇ ಪಿನ್ ಚುಚ್ಚಿದೆ. 21! ನಾಲ್ಕು ತಿಂಗಳು ಏಸಿ ರೂಮಲ್ಲಿ ಇದ್ದು ಬಂದ್ಮೇಲೂ 21. ನಾನು ಮೊದಲು ಅಳೆದಿದ್ದು ಬರೀ ಚರ್ಮ, ಒಳಗಿನ ಮಾಂಸ ಹಸಿಯಾಗೇ ಇತ್ತು. ಚಿಕ್ಕ ಪಿನ್ನಿನ ಮೀಟರ್ ಮೇಲಿನ ಕೆಲವೇ ಮಿಲಿಮೀಟರ್ ವಿಷಯ ಹೇಳುತ್ತೆ ಅಷ್ಟೆ, ದಪ್ಪ ಹಲಗೆಗೆ ತುದಿ ಮಾತ್ರ ಬಿಟ್ಟು ಉಳಿದಿದ್ದಕ್ಕೆ ಇನ್ಸುಲೇಶನ್ ಇರೋ ಉದ್ದ ಪಿನ್ನನ್ನ ಸುತ್ತಿಗೇಲಿ ಹೊಡೆದು ನಡುವಿನ ತನಕ ಇಳಿಸ್ಬೇಕು.

ವಿಷಯ ಏನಪ್ಪಾ ಅಂದ್ರೆ ಮರದಲ್ಲಿ ನೀರು ಎರಡು ಕಡೆ ಇರುತ್ತೆ, ಕೊಳವೆಗಳ ಒಳಗೆ ಸುಮ್ನೆ ತುಂಬ್ಕೊಂಡಿರೋದು ಒಂದು, ಆ ಕೊಳವೆಗಳ ಗೋಡೆಗಳಿಗೆ ಅಂಟ್ಕೊಂಡಿರೋದು ಇನ್ನೊಂದು. ಮೊದಲನೇದು ಹೋದಾಗ ತೂಕ ಇಳಿಯುತ್ತೆ, ಅಳತೆ ಬದಲಾಗಲ್ಲ. ಸುಮಾರು 28-30 ಪರ್ಸೆಂಟಿಗೆ ಬಂದ್ಮೇಲೆ ಎರಡನೇದು ಹೊರಡೋಕೆ ಶುರು, ಮರ ಕುಗ್ಗೋದು ಆಗಲೇ, ಅದೂ ಎಲ್ಲಾ ಕಡೆ ಒಂದೇ ಸಮ ಕುಗ್ಗಿದ್ರೆ ನಮಗ್ಯಾಕೆ ತಲೆನೋವು ಇರ್ತಿತ್ತು. ತೇಗ ಹಸಿಯಿಂದ ಪೂರ್ತಿ ಒಣಗೋ ಹೊತ್ತಿಗೆ ಬೆಳವಣಿಗೆ ಉಂಗುರದ ಗುಂಟ 5.8 ಪರ್ಸೆಂಟ್ ಕುಗ್ಗಿದ್ರೆ ತಿರುಳಿಂದ ತೊಗಟೆ ಕಡೆಗೆ 2.5 ಮಾತ್ರ, ಕೆಂಪು ಓಕ್‌ಗೆ ಅದೇ 8.6 ಮತ್ತು 4. ಹಲಗೆ ದೋಣಿ ಆಗೋದು ಈ ವ್ಯತ್ಯಾಸಕ್ಕೇ.

ದಪ್ಪ ಮರದಲ್ಲಿ ಇದರ ಜೊತೆ ಇನ್ನೊಂದು ಜಗಳ. ಹೊರಗಿನ ಪದರ ಮೊದಲು ಒಣಗಿ ಕುಗ್ಗೋಕೆ ನೋಡುತ್ತೆ, ಒಳಗಿನ ಹಸಿ ಭಾಗ ಬಿಡಲ್ಲ, ಅದಕ್ಕೆ ಮೇಲೆ ಬಿರುಕು. ಅವಸರ ಮಾಡಿದ್ರೆ ಹೊರಪದರ ಹಿಗ್ಗಿದ ಸ್ಥಿತೀಲೇ ಗಟ್ಟಿಯಾಗಿಬಿಡುತ್ತೆ, ಆಮೇಲೆ ಒಳಗಿನದು ಕುಗ್ಗೋವಾಗ ಜಾಗ ಸಿಗದೆ ಒಳಗೇ ಹರ್ಕೊಳ್ಳುತ್ತೆ, ಹೊರಗೆ ನೋಡಿದ್ರೆ ಕನ್ನಡಿ ಥರ ಇರುತ್ತೆ ಕೊಯ್ದ್ರೆ ಜೇನುಗೂಡು. ಇದನ್ನ ಯಾವ ಪಾಲಿಶೂ ಮುಚ್ಚಲ್ಲ, ಸೌದೆಗೇ ಅದು.

ಇನ್ನು ಇಂಚಿನ ಲೆಕ್ಕ. ದಪ್ಪ ಎರಡು ಪಟ್ಟಾದ್ರೆ ಟೈಮು ಎರಡು ಪಟ್ಟಲ್ಲ ಸ್ವಾಮಿ, ಮೂರು ನಾಲ್ಕು ಪಟ್ಟು. ಒಳ್ಳೆ ಗಾಳಿ ಇದ್ರೆ ಒಂದಿಂಚಿನ ಹಲಗೆ ಎಷ್ಟೋ ಸಲ ವರ್ಷಕ್ಕೆ ಮುಂಚೇನೇ ರೆಡಿ, ಮೂರಿಂಚಿನದು ಮೂರು ವರ್ಷಕ್ಕೂ ರೆಡಿ ಇರಲ್ಲ. ಅದೂ ಅಲ್ದೆ ರೆಡಿ ಅಂದ್ರೆ ಎಷ್ಟಕ್ಕೆ? ಗಾಳಿಯ ತೇವ 80 ಪರ್ಸೆಂಟ್ ಇರೋ ಶೆಡ್ಡಲ್ಲಿ ಮರದ ತೇವ 16ರ ಹತ್ರ ಬಂದು ನಿಂತುಬಿಡುತ್ತೆ, ಹತ್ತು ವರ್ಷ ಇಟ್ರೂ ಅಲ್ಲೇ. ಅದೇ ಮರ 50 ಪರ್ಸೆಂಟ್ ತೇವದ ರೂಮಿಗೆ ಹೋದ್ರೆ 9ರ ತನಕ ಇಳಿಯುತ್ತೆ, ಆ ಮಧ್ಯದ ಏಳು ಪರ್ಸೆಂಟ್ ತೇವ ಹೋಗಿ ಮರ ಕುಗ್ಗೋದು ಗಿರಾಕಿ ಮನೇಲಿ.

ನಾನು ಈಗ ಮಾಡೋದು ಹೀಗೆ. ದಿಮ್ಮಿ ಕೊಯ್ಸಿದ ದಿನಾನೇ ಎರಡೂ ತುದಿಗೆ ಮೇಣ ಇಲ್ಲಾ ದಪ್ಪ ಪೇಂಟು ಬಳಿಯೋದು, ಯಾಕಂದ್ರೆ ತುದಿಯಿಂದ ನೀರು ಮೈಗಿಂತ 10-15 ಪಟ್ಟು ಜೋರಾಗಿ ಹೋಗುತ್ತೆ, ನಾಳೆ ಬಳಿದ್ರಾಯ್ತು ಅಂದ್ಕೊಂಡ್ರೆ ನಾಳೆ ಬಿರುಕಿಗೆ ಬಳೀಬೇಕಾಗುತ್ತೆ. ನಟ್ಟನಡುವಿನ ತಿರುಳು ಇರೋ ಭಾಗ ಕೊಯ್ದು ಪಕ್ಕಕ್ಕೆ, ಅದನ್ನ ಇಟ್ಕೊಂಡು ಸೀಳದೆ ಒಣಗಿಸಿದ್ದನ್ನ ನಾನಂತೂ ನೋಡಿಲ್ಲ. ಆಮೇಲೆ ನೆರಳಲ್ಲಿ ಹಲಗೆ ಮೇಲೆ ಹಲಗೆ ಪೇರಿಸಿ ನಡುವೆ ಒಂದೂವರೆ ಅಡಿಗೊಂದರಂತೆ ಒಣಗಿದ ರೀಪು (ಮರದ ತೆಳು ಪಟ್ಟಿ), ಮೇಲಿಂದ ಕೆಳಗೆ ಒಂದೇ ಗೆರೇಲಿ, ಮೇಲೆ ಭಾರ. ರೀಪು ಹಸಿ ಇದ್ರೆ ಹಲಗೆ ಮೇಲೆ ಪಟ್ಟೆ ಕಲೆ ಬೀಳುತ್ತೆ, ಅನುಭವ.

ಕಿಲ್ನಲ್ಲಿ (ಬಿಸಿಗಾಳಿ ಕೊಟ್ಟು ಮರ ಒಣಗಿಸೋ ಕೋಣೇಲಿ) ಒಣಗಿದ್ದು ಅಂದ ತಕ್ಷಣ ಕಣ್ಮುಚ್ಚಿ ನಂಬೋದೂ ತಪ್ಪು. ಎರಡಿಂಚಿನ ವೈಟ್ ಓಕ್ ಹಸಿ ಇದ್ದಾಗ ದಿನಕ್ಕೆ ಸುಮಾರು 1 ಪರ್ಸೆಂಟಿಗಿಂತ ಜಾಸ್ತಿ ತೇವ ಎಳೀಬಾರ್ದು, ಅಷ್ಟು ನಿಧಾನ ಅದು. ಮೊದಲು ಗಾಳೀಲಿ 20-25ಕ್ಕೆ ಇಳಿಸಿ ಆಮೇಲೆ ಕಿಲ್ನಿಗೆ ಹಾಕೋದೇ ವಾಸಿ, ಕೊನೇಲಿ ಒಂಚೂರು ಹಬೆ ಕೊಟ್ಟು ಬಿಗುವು ಬಿಡಿಸ್ಬೇಕು, ಇಲ್ಲಾಂದ್ರೆ ಸೀಳೋವಾಗ ಗರಗಸಾನೇ ಕಚ್ಕೊಳ್ಳುತ್ತೆ.

ಮೀಟರ್ ಇಲ್ದೋರಿಗೆ ತಕ್ಕಡಿ ಸಾಕು. ಹಲಗೆಯ ತುದಿ ಬಿಟ್ಟು ಒಳಗಿಂದ ಕೊಯ್ದ ತುಂಡು 540 ಗ್ರಾಂ ಇತ್ತು, 103 ಡಿಗ್ರಿ ಓವನಲ್ಲಿ ತೂಕ ಇಳಿಯೋದು ನಿಲ್ಲೋವರೆಗೂ ಇಟ್ರೆ 400ಕ್ಕೆ ಬಂತು ಅಂದ್ಕೊಳ್ಳಿ, ಹೋದ ನೀರು 140, ಅದನ್ನ ಒಣ ತೂಕದಿಂದ ಭಾಗಿಸಿದ್ರೆ 35 ಪರ್ಸೆಂಟ್. (ಒಣ ತೂಕದ ಲೆಕ್ಕ ಆದ್ದರಿಂದ ಕೆಲವು ಹಸಿ ಮರ 100 ದಾಟೋದೂ ಉಂಟು, ಗಾಬರಿ ಬೇಡ.)

ಮುಂದಿನ ಸಲ ಇಂಥ ಲೇಖನ ಹಾಕೋವಾಗ ಎಷ್ಟು ವರ್ಷ ಇಟ್ಟಿದ್ದು ಅಂತ ಕೇಳಿ ಅನ್ನೋ ಬದಲು ನಡುವಿನ ತೇವ ಎಷ್ಟು ಅಂತ ಕೇಳಿ ಅಂತ ಬರೀರಿ, ಮಾರೋರೂ ಆ ನಂಬರನ್ನ ತಾರೀಖಿನ ಜೊತೆ ಹಲಗೆ ಮೇಲೇ ಬರೆದಿಟ್ರೆ ಅರ್ಧ ಜಗಳ ಇರಲ್ಲ. ವಾಪಸ್ ಬಂದ ಆ ಮೇಜಿನ ದೊಡ್ಡ ತುಂಡು ಇನ್ನೂ ನನ್ನ ಹತ್ರಾನೇ ಇದೆ, ತಿಂಗಳಿಗೊಂದ್ಸಲ ತೂಗಿ ಅದರ ಬೆನ್ನ ಮೇಲೇ ಚಾಕ್‌ಪೀಸಲ್ಲಿ ಬರೀತೀನಿ. ಈ ತಿಂಗಳೂ ಇಳಿದಿದೆ.

ಇಂತಿ,
ಒಬ್ಬ ಮರಗೆಲಸದವ