ತಾರಸಿಗೆ ಕಾಳು ಸುರಿಯುವ ಬದಲು ಹಿತ್ತಲಿನ ತರಗೆಲೆ ಬಿಡಿ

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತೆಂದರೆ ಸಾಕು, ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೆ ಒಂದು ವಿಡಿಯೊ ಬಂದೇ ಬರುತ್ತದೆ. ಹಿಮ ಬಿದ್ದ ಅಂಗಳ, ಕೊಂಬೆಗೆ ನೇತು ಹಾಕಿದ ಕೊಬ್ಬಿನ ಉಂಡೆ, ಅದನ್ನು ಕುಕ್ಕುವ ಪುಟ್ಟ ಹಕ್ಕಿ. ಚಳಿಗಾಲದಲ್ಲಿ ಹಕ್ಕಿಗಳಿಗೆ ಊಟ ಇಡಿ ಅಂತ ಕೆಳಗೊಂದು ಸಾಲು. ಮಾರನೇ ದಿನದಿಂದ ಇಲ್ಲಿ ಮೈಸೂರಿನ ತಾರಸಿಗಳ ಮೇಲೆ ಅಕ್ಕಿ, ಜೋಳ, ಕಡಲೆ ಸುರಿಯುವುದು ಶುರು. ಸುರಿಯುವವರ ಮನಸ್ಸು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ವಿಡಿಯೊ ಬೇರೆ ಊರಿನದು ಸ್ವಾಮಿ.

ಇಂಗ್ಲೆಂಡಿನಲ್ಲಿ ಬ್ಲೂ ಟಿಟ್ ಅಂತ ಒಂದು ಹಕ್ಕಿ ಇದೆ, ತೂಕ ಸುಮಾರು 11 ಗ್ರಾಂ. ಅಲ್ಲಿ ಡಿಸೆಂಬರ್‌ನಲ್ಲಿ ಕತ್ತಲೆಯೇ ಹೆಚ್ಚುಕಡಿಮೆ 16 ಗಂಟೆ. ಅಷ್ಟು ಹೊತ್ತು ಮೈ ಬೆಚ್ಚಗಿಟ್ಟುಕೊಳ್ಳಲು ಹಗಲು ತಿಂದಿದ್ದೆಲ್ಲ ಕರಗಿ ಹೋಗುತ್ತದೆ, ಬೆಳಗ್ಗೆ ಎದ್ದರೆ ನೆಲ ಹೆಪ್ಪುಗಟ್ಟಿರುತ್ತದೆ. ಅಲ್ಲಿ ಕೊಬ್ಬಿನ ಉಂಡೆ ನಿಜವಾಗಿ ಜೀವ ಉಳಿಸಬಹುದು. ನಮ್ಮಲ್ಲಿ ರಾತ್ರಿ 15–16 ಡಿಗ್ರಿ. ಸ್ವೆಟರ್ ಬೇಕಾಗುವುದು ನಮಗೆ, ಹಕ್ಕಿಗಲ್ಲ. ಇನ್ನು ಅಲ್ಲೂ ಎಲ್ಲ ಸುಸೂತ್ರವಾಗಿಲ್ಲ. ಕಾಳಿನ ತಟ್ಟೆ ತೊಳೆಯದೆ ಬಿಟ್ಟಲ್ಲಿ ಟ್ರೈಕೊಮೊನಾಸ್ ಎಂಬ ಪರಜೀವಿ ತರುವ ಗಂಟಲು ರೋಗ ಒಂದರಿಂದ ಒಂದಕ್ಕೆ ದಾಟಿತು, 2005ರಿಂದೀಚೆಗೆ ಗ್ರೀನ್‌ಫಿಂಚ್ ಹಕ್ಕಿಗಳು ಗುಂಪುಗುಂಪಾಗಿ ಸತ್ತವು.

ಇಲ್ಲಿ ಸುರಿದ ಕಾಳನ್ನು ತಿನ್ನುವವರು ಯಾರು? ಪಾರಿವಾಳ. ವರ್ಷವಿಡೀ ಮೊಟ್ಟೆ ಇಡಬಲ್ಲ, ಯಾರ ದಯೆಯೂ ಬೇಕಿಲ್ಲದ ಹಕ್ಕಿ ಅದು. ಕಾಳು ಜಾಸ್ತಿಯಾದಷ್ಟೂ ಅವು ಜಾಸ್ತಿ, ಹಿಕ್ಕೆಯೂ ಜಾಸ್ತಿ. ಒಣಗಿದ ಹಿಕ್ಕೆಯ ಧೂಳು ಕೆಲವರ ಶ್ವಾಸಕೋಶವನ್ನೇ ಕೆಡಿಸುತ್ತದೆ. 2025ರಲ್ಲಿ ಮುಂಬಯಿಯಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಜಾಗವಾದ ದಾದರ್ ಕಬೂತರ್‌ಖಾನೆಗೆ ಟಾರ್ಪಾಲು ಹೊದಿಸಿದಾಗ ಎಷ್ಟು ಗಲಾಟೆಯಾಯಿತು, ನೋಡಿದ್ದೇವಲ್ಲ. ಅದನ್ನು ಇಲ್ಲಿಗೂ ತರಬೇಕಾ?

ಚಳಿಗಾಲದಲ್ಲಿ ನಮ್ಮ ಹಿತ್ತಲಿಗೆ ಬರುವ ಅತಿಥಿಗಳೇ ಬೇರೆ. ಬಾಲ ಕುಣಿಸುತ್ತಾ ನೀರಿನ ಬದಿಯಲ್ಲಿ ಓಡಾಡುವ ಕುಂಡೆಕುಸ್ಕ ಹಿಮಾಲಯ ದಾಟಿ ಬಂದಿರುತ್ತದೆ. ಹೊಂಗೆ, ಮಾವಿನ ಎಲೆಗಳ ನಡುವೆ ಚಿಕ್ ಚಿಕ್ ಅನ್ನುವ ಉಲಿಯಕ್ಕಿ ಇನ್ನೂ ಆಚೆಯಿಂದ. ಹಿಮಾಲಯದ ತಪ್ಪಲಿನಿಂದ, ಮಧ್ಯ ಭಾರತದ ಕಾಡುಗಳಿಂದ ಬರುವ ನವರಂಗ ಎಂಬ ಹಕ್ಕಿ ತರಗೆಲೆ ಕೆದಕಿ ಹುಳ ಹೆಕ್ಕುತ್ತದೆ. ಇವಕ್ಕೆ ನಿಮ್ಮ ಅಕ್ಕಿ ಬೇಕಿಲ್ಲ, ಹುಳ ಬೇಕು. ನಾವೋ, ಮುಂದಿನ ತಾರಸಿಯಲ್ಲಿ ಕಾಳು ಸುರಿದು, ಹಿಂದಿನ ಹಿತ್ತಲಲ್ಲಿ ಒಂದು ಎಲೆಯೂ ಬೀಳದಂತೆ ಗುಡಿಸಿ ಬೆಂಕಿ ಹಚ್ಚುತ್ತೇವೆ, ಗಿಡಕ್ಕೆ ಹುಳದ ಮದ್ದು ಹೊಡೆಯುತ್ತೇವೆ. ಬಂದ ನೆಂಟರ ಎದುರು ಊಟದ ಎಲೆ ಎಳೆದ ಹಾಗಾಯಿತು, ಅಲ್ವಾ? ಗುಬ್ಬಚ್ಚಿ ಕಾಳು ತಿನ್ನುತ್ತದೆ ನಿಜ, ಆದರೆ ಅದೂ ಮರಿಗೆ ಕೊಡುವುದು ಹುಳವನ್ನೇ.

ಮಾಡಲೇಬೇಕೆಂದರೆ ಮಾಡುವುದಕ್ಕೆ ಬೇಕಾದಷ್ಟಿದೆ. ಹಿತ್ತಲಿನ ಒಂದು ಮೂಲೆಯಲ್ಲಿ ತರಗೆಲೆ ಹಾಗೇ ಬಿಡಿ. ಹುಲ್ಲು ಒಣಗಿ ಬೀಜ ಕಟ್ಟಿದ್ದರೆ ಕೀಳಬೇಡಿ, ರಾಟವಾಳ ಎಂಬ ಪುಟ್ಟ ಹಕ್ಕಿಗಳು ಬಂದು ಅದನ್ನು ಬಾಗಿಸಿ ತಿನ್ನುತ್ತವೆ. ಜಾಗ ಇದ್ದರೆ ಒಂದು ದಾಸವಾಳ ನೆಡಿ, ಮಕರಂದ ಹೀರುವ ಸೂರಕ್ಕಿ ತಾನೇ ಹುಡುಕಿಕೊಂಡು ಬರುತ್ತದೆ. ಗಸಗಸೆ ಹಣ್ಣಿನ ಮರ ಇದ್ದವರಂತೂ ಅದೃಷ್ಟವಂತರು, ಪಿಕಳಾರ, ಬದನಿಕೆ ಹಕ್ಕಿ, ಕೋಗಿಲೆ ಎಲ್ಲವೂ ಅಲ್ಲೇ. (ಕಸ ಜಾಸ್ತಿ ಅಂತ ಅದನ್ನು ಕಡಿಸುವ ಪಕ್ಕದ ಮನೆಯವರಿಗೆ ಸ್ವಲ್ಪ ತಾಳ್ಮೆ ಇರಲಿ.) ಮಳೆ ನಿಂತು ಒಣಗುವ ತಿಂಗಳುಗಳಿವು, ಆದ್ದರಿಂದ ಅಗಲವಾದ ಮಣ್ಣಿನ ತಟ್ಟೆಯಲ್ಲಿ ಒಂದೆರಡು ಇಂಚು ನೀರಿಡಿ, ದಿನಾ ಚೆಲ್ಲಿ, ಉಜ್ಜಿ ತೊಳೆದು ಹೊಸ ನೀರು ಹಾಕಿ. ವಾರಗಟ್ಟಲೆ ನಿಂತ ನೀರಿನಲ್ಲಿ ಹಕ್ಕಿಗಿಂತ ಮೊದಲು ಡೆಂಗಿ ಸೊಳ್ಳೆ ಮನೆ ಮಾಡುತ್ತದೆ.

ಇನ್ನೊಂದು, ಗಾಜು. ನವರಂಗ ರಾತ್ರಿ ಹೊತ್ತು ಹಾರಿ ಬರುವ ಹಕ್ಕಿ, ಬಂದ ಹೊಸತರಲ್ಲಿ ದೊಡ್ಡ ಕಿಟಕಿಗೆ ಗುದ್ದಿಕೊಂಡು ಬಿದ್ದುಬಿಡುತ್ತದೆ. ಬಿದ್ದದ್ದು ಸಿಕ್ಕರೆ ಬಾಯಿಗೆ ನೀರು ಹುಯ್ಯಬೇಡಿ, ಫೋಟೊಗೆ ಅಂತ ಕೈಯಿಂದ ಕೈಗೆ ದಾಟಿಸಬೇಡಿ. ಗಾಳಿಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ, ಬೆಕ್ಕಿನಿಂದ ದೂರ ಇಡಿ. ಬಹಳಷ್ಟು ಸಲ ಒಂದೆರಡು ಗಂಟೆಯಲ್ಲಿ ಚೇತರಿಸಿಕೊಳ್ಳುತ್ತದೆ. ರೆಕ್ಕೆ ಜೋತುಬಿದ್ದಿದ್ದರೆ ಪಶುವೈದ್ಯರ ಬಳಿ ಒಯ್ಯಿರಿ, ಇಲ್ಲವೇ ಅರಣ್ಯ ಇಲಾಖೆಗೆ ತಿಳಿಸಿ. ಕಿಟಕಿಯ ಹೊರಮೈಗೆ ಎರಡು ಇಂಚಿಗೊಂದರಂತೆ ಬಿಳಿ ಚುಕ್ಕಿ ಅಂಟಿಸಿದರೆ ಗುದ್ದುವುದೇ ಕಮ್ಮಿಯಾಗುತ್ತದೆ. ಒಂದೇ ಒಂದು ಗಿಡುಗನ ಚಿತ್ರ ಅಂಟಿಸಿದರೆ ಅಷ್ಟೇನೂ ಪ್ರಯೋಜನ ಇಲ್ಲ, ಹಕ್ಕಿ ಅದರ ಪಕ್ಕದಲ್ಲಿ ಗುದ್ದುತ್ತದೆ.

ಉದ್ಯಾನ ನೋಡಿಕೊಳ್ಳುವವರಲ್ಲಿ ಒಂದು ಮನವಿ. ಪ್ರತಿ ಉದ್ಯಾನದಲ್ಲೂ ಒಂದು ಬದಿಯನ್ನು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಗುಡಿಸದೆ, ಮದ್ದು ಹೊಡೆಯದೆ ಬಿಡಿ. ಸಂಪಾದಕರೇ, ತಾವು ಕೂಡ ಪತ್ರಿಕೆಯಲ್ಲಿ ಹಿಮದ ಫೋಟೊಗಳ ಬದಲು ಕುಂಡೆಕುಸ್ಕ, ನವರಂಗಗಳ ಫೋಟೊ ಹಾಕಿದರೆ ಚೆನ್ನಾಗಿರುತ್ತದೆ.

– ಒಬ್ಬ ಓದುಗ, ಮೈಸೂರು