ಕುಕ್ಕರಹಳ್ಳಿ ಕೆರೆ ಸುತ್ತಿದ ಮಕ್ಕಳಿಗಾಗಿ ರಾತ್ರಿ ಎದ್ದಿದ್ದವರಿಗೆ

ಸಕ್ಕರೆ ಕಾಯಿಲೆಯ ಮಕ್ಕಳಿಗೆ ಶುಗರ್ ನೋಡುವ ಸ್ಟ್ರಿಪ್ ಕೊಡಿಸಲು ಹಣ ಕೂಡಿಸಿದ ನಮ್ಮ ಮಧುಮೇಹ ನಡಿಗೆಗೆ ಬಂದವರಿಗೆ, ದುಡ್ಡು ಕೊಟ್ಟವರಿಗೆ, ಬರಲಾಗದೆ ಫೋನ್ ಮಾಡಿ ವಿಚಾರಿಸಿದವರಿಗೆ, ಎಲ್ಲರಿಗೂ ಶಾಲೆಯ ಪರವಾಗಿ ನಮಸ್ಕಾರ. ಭಾನುವಾರ ಬೆಳಿಗ್ಗೆ ಕೆರೆ ದಂಡೆಯಲ್ಲಿ ಏನೇನಾಯಿತು ಅಂತ ನಿಮಗೆಲ್ಲ ಗೊತ್ತೇ ಇದೆ, ಫೋಟೋಗಳೂ ಸಾಕಷ್ಟು ಓಡಾಡುತ್ತಿವೆ. ಅದನ್ನೇ ಮತ್ತೆ ಬರೆಯುವುದಿಲ್ಲ. ಫೋಟೋದಲ್ಲಿ ಎಲ್ಲೂ ಕಾಣಿಸದ ಒಬ್ಬರ ಬಗ್ಗೆ ಹೇಳುವುದಿದೆ. ಅದಕ್ಕೆ ಮುಂಚೆ ಉಳಿದವರ ಋಣ.

ಕೆರೆ ಸುತ್ತಲಿನ ದಾರಿ ಬಳಸಲು ಒಪ್ಪಿದ ಮೈಸೂರು ವಿಶ್ವವಿದ್ಯಾನಿಲಯಕ್ಕೆ, ರಸ್ತೆ ದಾಟುವಲ್ಲಿ ಗಾಡಿಗಳನ್ನು ತಡೆದು ನಿಂತ ಸಂಚಾರ ಪೊಲೀಸರಿಗೆ, ಕ್ಯಾನುಗಟ್ಟಲೆ ಮಜ್ಜಿಗೆ ಮಾಡಿ ತಂದ ತಾಯಂದಿರಿಗೆ, ಲಾಭ ಬಿಟ್ಟು ಸ್ಟ್ರಿಪ್ ಕೊಟ್ಟ ಮೆಡಿಕಲ್ ಸ್ಟೋರಿನವರಿಗೆ, ಮೈಕು ಬ್ಯಾಂಡು ಎರಡೂ ಬೇಡ ಅಂದಾಗ ಮುಖ ಸಣ್ಣ ಮಾಡಿಕೊಂಡರೂ ಒಪ್ಪಿಕೊಂಡ ಹೈಸ್ಕೂಲ್ ಹುಡುಗರಿಗೆ ಧನ್ಯವಾದ. ಕೆರೆಯ ಹಕ್ಕಿಗಳಿಗೆ ನಮ್ಮ ಘೋಷಣೆಯಿಂದ ಆಗಬೇಕಾದ್ದು ಏನೂ ಇಲ್ಲ.

ಹೆಡ್ ಮೇಡಂ ಭಾಷಣವನ್ನು ಚುಟುಕಾಗಿ ಮುಗಿಸಿದ್ದು ಇನ್ನೊಂದು ಉಪಕಾರ. ನವೆಂಬರ್ 14 ನಮಗೆ ಮಕ್ಕಳ ದಿನ. 1891ರಲ್ಲಿ ಅದೇ ದಿನ, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ್ದರಿಂದ ವಿಶ್ವ ಮಧುಮೇಹ ದಿನವೂ ಹೌದು. ಅವರ ತಂಡದ ಇನ್ಸುಲಿನ್ ಅನ್ನು 1922ರ ಜನವರಿಯಲ್ಲಿ ಟೊರೊಂಟೊದಲ್ಲಿ ಮೊದಲು ಚುಚ್ಚಿಸಿಕೊಂಡ ಲಿಯೊನಾರ್ಡ್ ಥಾಂಪ್ಸನ್‌ಗೆ 14 ವರ್ಷ. ಮೇಡಂ ಇಷ್ಟು ಹೇಳಿ, ಟೈಪ್ ಒನ್ ಮಕ್ಕಳಿಗೆ ಈ ಕಾಯಿಲೆ ಸಿಹಿ ತಿಂದದ್ದರಿಂದ ಬಂದಿದ್ದಲ್ಲ, ಇನ್ಸುಲಿನ್ ಮಾಡುವ ಜೀವಕೋಶಗಳನ್ನು ದೇಹದ ರೋಗನಿರೋಧಕ ಶಕ್ತಿಯೇ ಹಾಳು ಮಾಡಿದ್ದರಿಂದ ಬಂದದ್ದು ಅಂತ ಸೇರಿಸಿ ಮೈದಾನದಿಂದ ಹೊರಡಿಸಿಬಿಟ್ಟರು. ಯಾವ ಮಗುವನ್ನೂ ವೇದಿಕೆಗೆ ಕರೆದು ನಿಲ್ಲಿಸಲಿಲ್ಲ. ಹಣ ಎತ್ತುವುದಕ್ಕೆ ಮಗುವಿನ ಕಾಯಿಲೆಯನ್ನು ಪ್ರದರ್ಶನಕ್ಕಿಡುವ ಚಾಳಿ ನಮ್ಮಲ್ಲಿ ಬಹಳ ಇದೆ, ಅದು ಇಲ್ಲಿ ನಡೆಯಲಿಲ್ಲ.

ಪಿಟಿ ಸರ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಹತ್ತು ಮಕ್ಕಳಿಗೆ ಒಬ್ಬರು ದೊಡ್ಡವರು, ಗುಂಪಿನಲ್ಲಿ ನಿಧಾನ ನಡೆಯುವ ಮಗು ಎಲ್ಲರಿಗಿಂತ ಮುಂದೆ, ಚುರುಕಿನವರು ಹಿಂದೆ. ಇದನ್ನು ತಿರುಗಾಮುರುಗಾ ಮಾಡಿದರೆ ಅರ್ಧ ಕಿಲೋಮೀಟರಿನಲ್ಲೇ ಸಾಲು ಚದುರಿ, ಕೊನೆಯ ಮಗು ಒಂಟಿಯಾಗುತ್ತದೆ. ತಿಂಡಿ ತಿಂದಿದ್ದೀಯಾ ಅಂತ ಒಬ್ಬೊಬ್ಬರನ್ನೂ ಕೇಳಿಯೇ ಸಾಲಿಗೆ ಬಿಟ್ಟರು. ಇಂಥ ನಡಿಗೆಗಳಲ್ಲಿ ತಲೆಸುತ್ತಿ ಕೂರುವವರು ಸಾಮಾನ್ಯವಾಗಿ ಸಕ್ಕರೆ ಕಾಯಿಲೆಯ ಮಕ್ಕಳಲ್ಲ, ಹೊಟ್ಟೆಗೆ ಏನೂ ಹಾಕದೆ ಓಡಿಬಂದವರು. ಹೊಸ ಶೂ ಹಾಕಿಕೊಂಡು ಬಂದವರನ್ನು ವಾಪಸ್ ಕಳಿಸಿ ಹಳೆಯದನ್ನೇ ಹಾಕಿಸಿದಾಗ ಕೆಲವು ಅಪ್ಪಂದಿರಿಗೆ ಸಿಟ್ಟು ಬಂತು. ಆದರೆ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದ ಮಗು ಮಾರನೆಯ ದಿನ ಶಾಲೆಗೇ ಬರುವುದಿಲ್ಲ, ಸಕ್ಕರೆ ಕಾಯಿಲೆ ಇದ್ದರಂತೂ ಆ ಬೊಬ್ಬೆ ಮಾಯುವವರೆಗೂ ಕಣ್ಣಿಟ್ಟಿರಬೇಕು.

ಶುಗರ್ ನೋಡುವ ಮೇಜಿನಲ್ಲಿ ಕೂತಿದ್ದ ಮೂವರು ಅಮ್ಮಂದಿರೂ ಮನೆಯಲ್ಲಿ ದಿನಾ ಇದನ್ನೇ ಮಾಡುವವರು. ಸ್ಯಾನಿಟೈಸರ್ ತೆಗೆದಿಟ್ಟು ಸೋಪು, ಚೊಂಬು, ನೀರು ಇಟ್ಟುಕೊಂಡಿದ್ದರು. ಬಾಳೆಹಣ್ಣು ಸುಲಿದ ಬೆರಳಿಗೆ ಚುಚ್ಚಿದರೆ ಮೀಟರ್ ರಕ್ತದಲ್ಲಿ ಇಲ್ಲದ ಶುಗರ್ ತೋರಿಸುತ್ತದೆ. ಸ್ಯಾನಿಟೈಸರ್ ಹಚ್ಚಿದರೆ ಹಣ್ಣಿನ ಅಂಟು ಹೋಗುವುದಿಲ್ಲ. ಮೀಟರಿನಲ್ಲಿ 90ಕ್ಕಿಂತ (mg/dL) ಕಡಿಮೆ ಬಂದವರಿಗೆ ಒಂದು ಬಾಳೆಹಣ್ಣು ತಿನ್ನಿಸಿ, ಮತ್ತೆ ನೋಡಿ ಕಳಿಸಿದರು. 250 ದಾಟಿದವರಿಗೆ ಮೂತ್ರದಲ್ಲಿ ಕೀಟೋನ್ (ಇನ್ಸುಲಿನ್ ಸಾಲದಾಗ ದೇಹ ಕೊಬ್ಬು ಕರಗಿಸಿ ಬಿಡುವ ಆಮ್ಲ) ನೋಡಿದರು, ಇದ್ದರೆ ನಡಿಗೆ ಇಲ್ಲ, ಕೂತು ನೀರು ಕುಡಿಯಬೇಕು, ಮನೆಯವರಿಗೆ ಫೋನ್. ಬೆಳಗಿನ ಇಂಜೆಕ್ಷನ್ ತೊಡೆಗೆ ಬೇಡ, ಹೊಟ್ಟೆಗೆ ತೆಗೆದುಕೊಳ್ಳಿ ಅಂತ ಹಿಂದಿನ ದಿನವೇ ಎಲ್ಲರಿಗೂ ತಿಳಿಸಿದ್ದವರೂ ಅವರೇ. ನಡೆಯುವ ಕಾಲಿಗೆ ಚುಚ್ಚಿದ ಇನ್ಸುಲಿನ್ ಬೇಗ ರಕ್ತಕ್ಕೆ ಸೇರಿ, ದಾರಿ ಮಧ್ಯದಲ್ಲೇ ಶುಗರ್ ಇಳಿಸಿಬಿಡುತ್ತದೆ.

ಇನ್ನು ಹಾಸ್ಟೆಲ್ಲಿನ ನರ್ಸಕ್ಕ.

ಅವರು ನಡಿಗೆಗೆ ಬರಲೇ ಇಲ್ಲ. "ನಂದು ಬೆಳಗಿನ ಡ್ಯೂಟಿ ಅಲ್ಲ, ನೀವು ಹೋಗ್ಬನ್ನಿ" ಅಂದರು. ಹಿಂದಿನ ವಾರ ಅವರು ಮಾಡಿದ್ದನ್ನು ಕೇಳಿ. ಹಾಸ್ಟೆಲ್ಲಿನ ಪ್ರತಿ ಟೈಪ್ ಒನ್ ಮಗುವಿನ ಡಾಕ್ಟರ ಹತ್ತಿರ, ನಡಿಗೆಯ ದಿನ ರಾತ್ರಿಯ ಇನ್ಸುಲಿನ್ ಎಷ್ಟು ತಗ್ಗಿಸಬೇಕು ಅಂತ ಬರೆಸಿ ತರಿಸಿದರು. ಬಾಯಿಮಾತಿಗೆ ಒಪ್ಪಲಿಲ್ಲ. ಔಷಧದ ಕಪಾಟು ತೆಗೆದು ಸಿರಿಂಜುಗಳನ್ನೆಲ್ಲ ಬೇರೆ ಮಾಡಿದರು: ಕೆಂಪು ಟೋಪಿಯವು 40ರ ವಯಲ್‌ಗೆ (ಒಂದು ಮಿಲಿಲೀಟರಿಗೆ 40 ಯೂನಿಟ್ ಇನ್ಸುಲಿನ್ ಇರುವ ಸೀಸೆ), ಕಿತ್ತಳೆ ಟೋಪಿಯವು 100 ಯೂನಿಟ್ ಇರುವ 100ರ ವಯಲ್‌ಗೆ. 100ರ ಔಷಧವನ್ನು 40ರ ಸಿರಿಂಜಿನಲ್ಲಿ ಗೆರೆ ನೋಡಿ ಎಳೆದರೆ ಮೈಗೆ ಹೋಗುವುದು ಎರಡೂವರೆ ಪಟ್ಟು. ಗಡಿಬಿಡಿಯ ದಿನ ಇದೇ ತಪ್ಪಾಗುವುದು, ಅದಕ್ಕೇ ಎರಡು ಬೇರೆ ಡಬ್ಬ, ಬೀಗ ಬೇರೆ. ಕರೆಂಟ್ ಹೋದರೆ ಇರಲಿ ಅಂತ ಮಣ್ಣಿನ ಮಡಕೆ ನೆನೆಸಿ, ವಯಲ್‌ಗಳನ್ನು ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ ಅದರೊಳಗಿಟ್ಟಿದ್ದರು. ಫ್ರೀಜರಿಗೆ ಯಾರೂ ಕೈ ಹಾಕದಂತೆ ಚೀಟಿ ಅಂಟಿಸಿದ್ದರು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು.

ಬೆಳಿಗ್ಗೆ ಎಲ್ಲ ಸುಸೂತ್ರವಾಗಿ ಮುಗಿದು, ನಾವೆಲ್ಲ ಮನೆಗೆ ಹೋಗಿ ಕಾಲು ಚಾಚಿದ ಮೇಲೆ ಅವರ ಡ್ಯೂಟಿ ಶುರುವಾಯಿತು. ನಡೆದದ್ದು ಸಾಲದು ಅಂತ ಹಾಸ್ಟೆಲ್ ಮಕ್ಕಳು ಸಂಜೆ ಖೋ ಖೋ ಬೇರೆ ಆಡಿದ್ದರು. ದಣಿದ ಸ್ನಾಯುಗಳು ಖರ್ಚಾದ ಸಕ್ಕರೆಯನ್ನು ರಾತ್ರಿಯೆಲ್ಲ ರಕ್ತದಿಂದ ಎಳೆದು ತುಂಬಿಕೊಳ್ಳುತ್ತವೆ, ಇನ್ಸುಲಿನ್ ಕೂಡ ಅಂದು ಎಂದಿಗಿಂತ ಜೋರಾಗಿ ಕೆಲಸ ಮಾಡುತ್ತದೆ. ಹಾಗಾಗಿ ಮಧುಮೇಹ ನಡಿಗೆಯ ಕಷ್ಟದ ಹೊತ್ತು ನಡೆಯುವ ಹೊತ್ತಲ್ಲ, ಮಲಗಿದ ಹೊತ್ತು. ಎಚ್ಚರ ಇರುವ ಮಗುವಿಗೆ ಕೈ ನಡುಗುತ್ತದೆ, ಹಸಿವಾಗುತ್ತದೆ, ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ, ಅದು ಹೇಳುತ್ತದೆ. ನಿದ್ದೆಯಲ್ಲಿರುವ ಮಗು ಏನು ಹೇಳೀತು?

ಮಲಗುವ ಮುಂಚೆ ಎಲ್ಲರ ಶುಗರ್ ನೋಡಿ, ಹಾಲಿನ ಜೊತೆ ಕಡಲೆಬೀಜ ಕೊಟ್ಟಿದ್ದರು. ಬರೀ ಸಿಹಿ ಕೊಟ್ಟರೆ ಬೇಗ ಏರಿ ಬೇಗ ಇಳಿಯುತ್ತದೆ, ಇವು ನಿಧಾನಕ್ಕೆ ಕರಗುತ್ತವೆ. ಎರಡು ಗಂಟೆಗೆ ಅಲಾರಾಂ. ಮುಂದಿನದನ್ನು ಅವರು ಯಾರಿಗೂ ಹೇಳಲಿಲ್ಲ, ಅವರ ನೋಟ್‌ಬುಕ್ಕಿನಲ್ಲಿ ಇದೆ: "2.10, ಕತ್ತಿನ ಹಿಂದೆ ಒದ್ದೆ, 48. ಸಕ್ಕರೆ ನೀರು. 2.25, 61. ಮತ್ತೆ ಸಕ್ಕರೆ ನೀರು. 2.40, 94. ಬಿಸ್ಕೆಟ್, ಹಾಲು. 4.00, 128."

ನವೆಂಬರಿನ ಚಳಿಗೆ ಕಂಬಳಿ ಹೊದ್ದ ಮಗುವಿನ ಕತ್ತು ಒದ್ದೆ ಇದ್ದದ್ದು ಅವರ ಕೈಗೆ ಸಿಕ್ಕಿತು. ಎಬ್ಬಿಸಿದರೆ "ನಿದ್ದೆ ಬರ್ತಿದೆ, ಬಿಡಿ ಅಕ್ಕ" ಅಂತ ಕೈ ತಳ್ಳಿತಂತೆ, ಪಕ್ಕದ ಮಂಚದ ಹುಡುಗಿ ಹೇಳಿದ್ದು. ಪಾಪ ದಣಿದಿದೆ, ಮಲಗಲಿ ಅಂತ ಅವರು ಮುಂದಿನ ಮಂಚಕ್ಕೆ ಹೋಗಿದ್ದರೆ? ಆ ನಾಲ್ಕು ಸಾಲು ಓದಿದ ಮೇಲೆ ಆಫೀಸಿನಲ್ಲಿ ಯಾರಿಗೂ ಮಾತು ಹೊರಡಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿ, ಹಾರ ಹಾಕಿ, ಇಡ್ಲಿ ತಿಂದು ಮುಗಿಸಿದ ಕಾರ್ಯಕ್ರಮ ಒಂದು ಮಗುವಿನ ಕತ್ತಿನ ಬೆವರಿನಲ್ಲಿ ಇನ್ನೂ ಮುಗಿಯದೇ ಇತ್ತು. ನರ್ಸಕ್ಕ, ನಿಮಗೆ ಶಾಲು ಹೊದಿಸಿದರೆ ನೀವು ಬಯ್ಯುತ್ತೀರಿ ಅಂತ ಗೊತ್ತು. ಆದ್ದರಿಂದ ಇಲ್ಲೇ, ಎಲ್ಲರ ಎದುರಿಗೆ ಕೈ ಮುಗಿಯುತ್ತಿದ್ದೇವೆ.

"ಇಂಥ ಮಕ್ಕಳನ್ನ ಯಾಕೆ ನಡೆಸ್ತೀರಿ" ಅಂತ ಕೇಳಿದವರಿದ್ದಾರೆ. ಅವರಿಗೆ ಉತ್ತರವೂ ಅದೇ ನೋಟ್‌ಬುಕ್. ನಡೆಯುವುದು ಈ ಮಕ್ಕಳ ದೇಹಕ್ಕೆ ಒಳ್ಳೆಯದೇ. ನಡೆದ ದಿನ ರಾತ್ರಿ ಯಾರಾದರೂ ಎದ್ದು ನೋಡಬೇಕು, ಅಷ್ಟೆ. ಮನೆಯಲ್ಲೂ ಇದನ್ನೇ ಮಾಡಿ: ಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ ಅರ್ಧ ಲೋಟ ನೀರಿಗೆ ಮೂರು ಟೀ ಚಮಚ ಸಕ್ಕರೆ ಹಾಕಿ ಕುಡಿಸಿ, ಹದಿನೈದು ನಿಮಿಷ ಕಾದು ಮತ್ತೆ ಚುಚ್ಚಿ ನೋಡುವುದು. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡೆದು ನಿಲ್ಲಿಸುತ್ತದೆ. ನುಂಗಲಾಗದ, ಎಚ್ಚರ ತಪ್ಪಿದ ಮಗುವಿನ ಬಾಯಿಗೆ ಏನನ್ನೂ ಹಾಕಬಾರದು. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ನೇರ ಆಸ್ಪತ್ರೆಗೆ.

ದುಡ್ಡಿನ ವಿಷಯ. ಲೆಕ್ಕ ನೋಟಿಸ್ ಬೋರ್ಡಿನಲ್ಲಿದೆ, ಬಂದು ನೋಡಿ. ಟಿ-ಶರ್ಟ್ ಹೊಲಿಸದೆ ತೋಳಿಗೆ ನೀಲಿ ರಿಬ್ಬನ್ ಕಟ್ಟಿದ್ದರಿಂದ ಉಳಿದದ್ದೂ ಸೇರಿ, ಪೂರ್ತಿ ಹಣ ಸ್ಟ್ರಿಪ್‌ಗೆ ಹೋಗುತ್ತದೆ. ದಿನಕ್ಕೆ ನಾಲ್ಕು ಸಲ ಚುಚ್ಚುವ ಮಗುವಿಗೆ 50ರ ಒಂದು ಡಬ್ಬ ಹನ್ನೆರಡು ದಿನಕ್ಕೆ ಮುಗಿಯುತ್ತದೆ. ಬಡ ಮನೆಗಳಲ್ಲಿ ಮೊದಲು ಕೈಬಿಡುವುದು ಈ ಚುಚ್ಚಿ ನೋಡುವುದನ್ನೇ. ಒಂದೇ ಸಲಕ್ಕೆ ರಾಶಿ ಕೊಳ್ಳುವುದಿಲ್ಲ, ಸ್ಟ್ರಿಪ್‌ಗೆ ಎಕ್ಸ್‌ಪೈರಿ ಇದೆ. ಮಕ್ಕಳು ಮನೆಮನೆ ಅಲೆಯದೆ ಗೊತ್ತಿದ್ದವರ ಹತ್ತಿರ ಮಾತ್ರ ಕಾರ್ಡಿಗೆ ದೇಣಿಗೆ ಬರೆಸಿಕೊಂಡರು, ಅದು ನಮಗೆ ಹೆಮ್ಮೆ. ಕಿಲೋಮೀಟರಿಗೆ ಇಷ್ಟು ಅಂತ ಬರೆದುಕೊಟ್ಟು ಇನ್ನೂ ಕೊಡದ ಮಾವಂದಿರು, ಚಿಕ್ಕಪ್ಪಂದಿರು ಈ ವಾರದೊಳಗೆ ಕೊಟ್ಟುಬಿಡಿ, ಮಕ್ಕಳಿಗೆ ಕೇಳಲು ಸಂಕೋಚ. ಎರಡು ಸಾವಿರಕ್ಕಿಂತ ಹೆಚ್ಚಿದ್ದರೆ ಚೆಕ್ ಇರಲಿ, ಅಷ್ಟು ನಗದಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ.

ಬಳಸಿದ ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು ತಂದುಕೊಡಿ, ಕಸದ ಗಾಡಿಯವರ ಕೈಗೆ ಚುಚ್ಚುವುದು ಬೇಡ. ಆಸ್ಪತ್ರೆಗೆ ಮುಟ್ಟಿಸುವ ವ್ಯವಸ್ಥೆ ನರ್ಸಕ್ಕನದೇ. ಮಜ್ಜಿಗೆಯ ಎರಡು ಸ್ಟೀಲ್ ಕ್ಯಾನ್ ಮತ್ತು ಒಂದು ಸೌಟು ಶಾಲೆಯ ಆಫೀಸಿನಲ್ಲಿ ಉಳಿದಿವೆ. ಯಾರದ್ದೋ ಅವರು ಬಂದು ತೆಗೆದುಕೊಂಡು ಹೋಗಿ.