ಅಳಿಯನಿಗೊಂದು ಕಾಗದ: ಹೋಗುವ ವೈರು, ಬರುವ ವೈರು

ಪ್ರೀತಿಯ ಅಳಿಯನಿಗೆ ಮಾವನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ. ಬೇಸಗೆ ಮುಗಿಯುವ ಪತ್ತನಾಜೆ ಕಳೆದು ವಾರವಾಯಿತು. ಸಂಜೆಯಾದರೆ ಗುಡುಗು. ಹಲಸಿನ ಹಪ್ಪಳ ಒಣಗಿಸಲು ನಿನ್ನ ಅತ್ತೆ ಬಿಸಿಲು ಹುಡುಕುತ್ತಾ ಅಂಗಳದಲ್ಲೇ ಇದ್ದಾಳೆ.

ಮೊನ್ನೆ ಅಕ್ಕ, ನಿನ್ನ ಅಮ್ಮ, ಫೋನ್ ಮಾಡಿದ್ದಳು. ಮಂಗಳೂರಿನ ಯಾವುದೋ ಕಂಪನಿಯ ಗೇಟಿನಲ್ಲಿ ನಿನ್ನ ವೆಲ್ಡಿಂಗ್ ಮೆಷಿನಿನ ಕೇಬಲ್ ನೋಡಿ ಸೇಫ್ಟಿ ಆಫೀಸರ್ ಒಳಗೆ ಬಿಡಲಿಲ್ಲವಂತೆ. ಮೂರು ಜನರ ಸಂಬಳ, ಕುಂಬಳೆಯಿಂದ ಹೋಗಿ ಬಂದ ಪಿಕಪ್ ಬಾಡಿಗೆ, ಎರಡೂ ಹೋಯಿತು ಅಂತ ನಿನಗೆ ಸಿಟ್ಟು. ಆಮೇಲೆ ನೀನು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ವೆಲ್ಡಿಂಗ್ ರಾಡ್ ಕಚ್ಚಿಸುವ ಹೋಲ್ಡರಿನಿಂದ ಎರಡು ಅಡಿ ದೂರದಲ್ಲಿ ಕರಿ ಟೇಪಿನ ಒಂದು ಗಂಟು. ಅದರ ಹಿಂದೆ ಇನ್ನೊಂದು. ನಾನಾಗಿದ್ದರೂ ಬಿಡುತ್ತಿರಲಿಲ್ಲ ಮಾರಾಯ.

ಅಮೆರಿಕದಲ್ಲಿ ಕೆಲಸಗಾರರ ಸುರಕ್ಷತೆ ನೋಡುವ ಇಲಾಖೆ ಓಶಾ, ಅದರ ನಿಯಮದಲ್ಲಿ ಹೋಲ್ಡರ್ ಕಟ್ಟಿದ ತುದಿಯಿಂದ 10 ಅಡಿಯವರೆಗೆ ಜಾಯಿಂಟ್, ರಿಪೇರಿ ಯಾವುದೂ ಇರಬಾರದು ಅಂತಲೇ ಬರೆದಿದೆ. ಅದು ನಮ್ಮ ದೇಶದ ಕಾನೂನಲ್ಲ, ಗೊತ್ತು. ಆದರೆ ಕಾರಣ ಎಲ್ಲ ಕಡೆಗೂ ಒಂದೇ. ಆ 10 ಅಡಿ ಕೇಬಲ್ ನಿನ್ನ ತೊಡೆಗೆ, ಹೆಗಲಿಗೆ, ಬೆವರಿದ ಅಂಗಿಗೆ ತಾಗುವ ತುಂಡು. ರಾಡ್ ತಾಗಿಸದೆ ಸುಮ್ನೆ ಹಿಡಿದು ನಿಂತಾಗ ಅಲ್ಲಿ 60ರಿಂದ 80 ವೋಲ್ಟ್ ಇರುತ್ತದೆ. ಒಣಗಿದ ಮೈಗೆ ಅದು ಚುರುಕ್ ಅಂದೀತು. ನಮ್ಮ ಮಳೆಗಾಲದಲ್ಲಿ, ಒದ್ದೆ ಗ್ಲೌಸ್ ಹಾಕಿ ಕಬ್ಬಿಣದ ಮೇಲೆ ಕುಳಿತವನಿಗೆ ಜೀವ ಹೋಗಲು ಅಷ್ಟು ಸಾಕು. ಬೋರ್ಡಿನಲ್ಲಿ ಕರೆಂಟು ಸೋರಿದರೆ ಕಡಿಯುವ ಸ್ವಿಚ್, 30 ಮಿಲಿ ಆಂಪಿನ ಆರ್‌ಸಿಸಿಬಿ ಹಾಕಿದ್ದೇನೆ, ಅದು ಟ್ರಿಪ್ ಆಗುತ್ತದೆ ಅಂತ ನೀನು ಹೇಳಬಹುದು. ಆಗುವುದಿಲ್ಲ. ಅದು ಮೆಷಿನಿಗೆ ಬರುವ ಕರೆಂಟನ್ನು ಕಾಯುತ್ತದೆ. ಮೆಷಿನಿನಿಂದ ಹೊರಗೆ ಹೋಗುವ ಕರೆಂಟಿನ ಸುದ್ದಿಯೇ ಅದಕ್ಕೆ ತಿಳಿಯುವುದಿಲ್ಲ. ಆ ಬದಿಯಲ್ಲಿ ನಿನ್ನನ್ನು ಕಾಯುವುದು ಕೇಬಲಿನ ರಬ್ಬರ್, ಹೋಲ್ಡರಿನ ಹಿಡಿ, ಒಣಗಿದ ಗ್ಲೌಸ್, ಇಷ್ಟೇ. ಹೊಸ ಮೆಷಿನ್ ತೆಗೆಯುವಾಗ ವಿಆರ್‌ಡಿ ಇದೆಯೇ ಕೇಳು. ಕೆಲಸ ಇಲ್ಲದಾಗ ಆ ವೋಲ್ಟೇಜನ್ನು ಅದು ತುಂಬಾ ಕೆಳಗೆ ಇಳಿಸಿ ಇಡುತ್ತದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಕೇಬಲಿನ ತಾಮ್ರದ ದಪ್ಪ 16 ಸ್ಕ್ವೇರ್ ಎಂಎಂ ಸಾಕಾ, 35 ಬೇಕಾ ಅಂತ ಕೇಳಿದ್ದೆ. ಅಂಗಡಿಯವರ ಮಾತು ಬಿಡು, ಲೆಕ್ಕ ಹಾಕೋಣ. ನೀನು 150 ಆಂಪಿನಲ್ಲಿ ಕೆಲಸ ಮಾಡುತ್ತಿ. ಮೆಷಿನಿನಿಂದ ಕೆಲಸದ ಜಾಗಕ್ಕೆ 30 ಮೀಟರ್. ಕರೆಂಟು ಹೋದರೆ ಸಾಲದು, ವಾಪಸ್ಸೂ ಬರಬೇಕು. ಹಾಗಾಗಿ ದಾರಿ 60 ಮೀಟರ್. 16ರ ತಾಮ್ರದಲ್ಲಿ ಈ ದಾರಿಯಲ್ಲೇ ಸುಮಾರು 10 ವೋಲ್ಟ್ ಸೋರಿಹೋಗುತ್ತದೆ. ರಾಡಿನ ತುದಿಯಲ್ಲಿ ಉರಿಯುವ ಆರ್ಕಿಗೆ ಬೇಕಾದದ್ದೇ 26 ವೋಲ್ಟ್! ಸೋರಿದ್ದೆಲ್ಲಾ ಬಿಸಿಯಾಗುತ್ತದೆ, ಹತ್ತಿರ ಹತ್ತಿರ 1500 ವಾಟ್. 750 ವಾಟಿನ ಎರಡು ಇಸ್ತ್ರಿಪೆಟ್ಟಿಗೆಯನ್ನು ನೆಲದ ಮೇಲೆ ಉದ್ದಕ್ಕೆ ಹಾಸಿದ ಹಾಗೆ. ರಾಡ್ ಅಂಟುತ್ತದೆ, ಹುಡುಗ ಆಂಪ್ ಏರಿಸುತ್ತಾನೆ, ಕೇಬಲ್ ಇನ್ನೂ ಬಿಸಿಯಾಗುತ್ತದೆ. 35ರಲ್ಲಿ ನಷ್ಟ ನಾಲ್ಕೂವರೆ ವೋಲ್ಟ್. ನಿನಗೆ 35 ಸರಿ. ಮುಂದೆ 60 ಮೀಟರ್ ಎಳೆಯುವ ಕೆಲಸ ಬಂದರೆ 50 ತೆಗೆದುಕೋ.

ಮೆಷಿನ್ ಮೇಲೆ 200 ಆಂಪ್, 60 ಪರ್ಸೆಂಟ್ ಅಂತ ಬರೆದಿರುತ್ತದಲ್ವಾ, ಅದು 10 ನಿಮಿಷದಲ್ಲಿ 6 ನಿಮಿಷ ಸುಟ್ಟು, ಅಂದರೆ ವೆಲ್ಡಿಂಗ್ ಮಾಡಿ, 4 ನಿಮಿಷ ಬಿಡುವ ಲೆಕ್ಕ. ಬಿಡದೆ ಸುಡುವುದಾದರೆ ಅದು 155 ಆಂಪಿನ ಮೆಷಿನ್. ಕೇಬಲ್ ಪಟ್ಟಿಯಲ್ಲೂ ಹೀಗೆಯೇ ಬೇರೆ ಬೇರೆ ಆಂಪ್ ಇರುತ್ತದೆ. ಅಂಗಡಿಯವರು ತೋರಿಸುವುದು ಯಾವಾಗಲೂ ದೊಡ್ಡ ಅಂಕಿ.

ಅರ್ಧ ರೇಟಿಗೆ ಸಿಗುವ ಕೇಬಲಿನ ವಿಷಯ. ಅದು ತಾಮ್ರವಲ್ಲ, ತಾಮ್ರದ ಬಣ್ಣ. ಒಳಗೆ ಅಲ್ಯೂಮಿನಿಯಂ ಎಳೆ, ಮೇಲೆ ತೆಳುವಾಗಿ ತಾಮ್ರ. ಅಲ್ಯೂಮಿನಿಯಂ ಕೇಬಲ್ ಅಂತಲೇ ಹೇಳಿ ಮಾರಿದರೆ ನನಗೆ ತಕರಾರಿಲ್ಲ, ಒಂದೆರಡು ಸೈಜ್ ದೊಡ್ಡದು ತೆಗೆದುಕೊಂಡರಾಯಿತು. ತಾಮ್ರ ಅಂತ ಹೇಳಿ ಕೊಡುತ್ತಾರೆ ನೋಡು, ಅದು ಮೋಸ. ಒಂದು ಎಳೆ ಎಳೆದು ಬ್ಲೇಡಿನಿಂದ ಕೆರೆ. ಬೆಳ್ಳಗೆ ಕಂಡರೆ ಅಲ್ಲಿಂದ ಏಳು. ಇಲ್ಲವಾದರೆ ತೂಕ ಮಾಡಿಸು. 35ರ ತಾಮ್ರ ಮೀಟರಿಗೆ 310 ಗ್ರಾಮಿನಷ್ಟು ತೂಗುತ್ತದೆ, ರಬ್ಬರ್ ಬಿಟ್ಟು. 30 ಮೀಟರಿನ ಸುರುಳಿ ರಬ್ಬರ್ ಸೇರಿಯೂ 9 ಕಿಲೋ ಮುಟ್ಟದಿದ್ದರೆ ಒಂದೋ ಅದು ತಾಮ್ರವಲ್ಲ, ಇಲ್ಲ 35 ಅಲ್ಲ. ಅಡಿಕೆ ತೂಗುವ ತಕ್ಕಡಿ ನಿಮ್ಮ ಮನೆಯಲ್ಲೇ ಇದೆ.

ಎಳೆ ಕೂದಲಿನಷ್ಟು ಸಣ್ಣ ಇರಬೇಕು, ನೂರಾರು ಇರಬೇಕು. ಮನೆ ವೈರಿಂಗಿನ ದಪ್ಪ, ಬಗ್ಗದ ವೈರನ್ನು ಹೋಲ್ಡರಿಗೆ ಕಟ್ಟಿದವರನ್ನು ಕಂಡಿದ್ದೇನೆ. ಮಧ್ಯಾಹ್ನದ ಹೊತ್ತಿಗೆ ಮಣಿಕಟ್ಟು ಬಿದ್ದುಹೋಗುತ್ತದೆ, ಕೈ ನಡುಗಿ ಬೀಡ್, ಅಂದರೆ ಬೆಸುಗೆಯ ಗೆರೆ, ಕೆಡುತ್ತದೆ. ಹೊದಿಕೆ ರಬ್ಬರಿನದ್ದೇ ಆಗಲಿ. ಪಿವಿಸಿ ಬಿಸಿಗೆ ಮೆತ್ತಗಾಗುತ್ತದೆ. ಎಚ್‌ಓಎಫ್‌ಆರ್ ಅಂತ ಇದ್ದರೆ ಬಿಸಿ, ಎಣ್ಣೆ, ಬೆಂಕಿ ಮೂರನ್ನೂ ತಡೆಯುವ ಜಾತಿ. ಐಎಸ್ 9857 ಅನ್ನುವುದು ವೆಲ್ಡಿಂಗ್ ಕೇಬಲಿನದ್ದೇ ಮಾನಕ. ಹೊದಿಕೆಯ ಮೇಲೆ ಆ ನಂಬರ್, ಸೈಜ್, ಐಎಸ್‌ಐ ಗುರುತು ಅಚ್ಚಾಗಿರುವುದನ್ನು ಓದಿಯೇ ದುಡ್ಡು ಕೊಡು. ತುದಿಗೆ ಲಗ್, ಅಂದರೆ ಕೇಬಲ್ ಜೋಡಿಸುವ ಲೋಹದ ಬಿಲ್ಲೆ, ಹಾಕಿಸುವಾಗ ಅದನ್ನು ಒತ್ತಿ ಬಿಗಿಯುವ ಕ್ರಿಂಪಿಂಗ್ ಟೂಲ್ ಇದ್ದವರ ಹತ್ತಿರ ಹೋಗು. ಸುತ್ತಿಗೆಯಲ್ಲಿ ಬಡಿದ ಲಗ್ ಒಂದು ತಿಂಗಳಲ್ಲಿ ಕರಿ ಬೀಳುತ್ತದೆ, ನಮ್ಮ ಉಪ್ಪುಗಾಳಿಗೆ ಇನ್ನೂ ಬೇಗ.

ಇಷ್ಟೆಲ್ಲಾ ಹೋಲ್ಡರ್ ಕಡೆಯ ವೈರಿಗೆ ನೀನು ಮಾಡುತ್ತಿ. ನನಗೆ ಹೆದರಿಕೆ ಇನ್ನೊಂದರದ್ದು. ಕರೆಂಟು ಮೆಷಿನಿಗೆ ವಾಪಸ್ ಬರುವ ವೈರು, ಅರ್ತ್ ಕ್ಲಾಂಪಿನದ್ದು.

ನಾನು ಇದನ್ನು ಯಾರಿಗೂ ಹೇಳಿಲ್ಲ, ನಿನ್ನ ಅತ್ತೆಗೂ. ಬದಿಯಡ್ಕದ ಕಡೆ ಒಂದು ಮನೆಯಲ್ಲಿ ಅಡಿಕೆ ಅಂಗಳಕ್ಕೆ ಶೀಟ್ ಹೊದಿಸುವ ಕೆಲಸ ಹಿಡಿದಿದ್ದೆ. ಮಳೆ ಬರುವ ಮೊದಲು ಮುಗಿಸುವ ಗಡಿಬಿಡಿ. ಅರ್ತ್ ಕ್ಲಾಂಪಿನ ಕೇಬಲ್ ಗಿಡ್ಡ, ಮೇಲಿನ ಕಬ್ಬಿಣದ ಚೌಕಟ್ಟು ಟ್ರಸ್ಸಿನವರೆಗೆ ಬರಲಿಲ್ಲ. ಮೆಷಿನಿನ ಹತ್ತಿರ ಬಾವಿಯ ಪಂಪಿನ ಕಬ್ಬಿಣದ ಸ್ಟ್ಯಾಂಡ್ ಇತ್ತು. ಅದಕ್ಕೇ ಕಚ್ಚಿಸಿದೆ. ಮೇಲೆ ಹತ್ತಿ ರಾಡ್ ಮುಟ್ಟಿಸಿದರೆ ಆರ್ಕ್ ಬಂತು. ಬಂತಲ್ಲ ಅಂತ ಖುಷಿ. ಯಾವ ದಾರಿಯಿಂದ ಬಂತು ಅಂತ ಯೋಚಿಸಲಿಲ್ಲ. ಕಂಬಗಳು ನಿಂತದ್ದು ಸಿಮೆಂಟಿನ ಮೇಲೆ. ಟ್ರಸ್ಸಿಗೂ ಪಂಪಿಗೂ ಇದ್ದ ಸಂಬಂಧ ಒಂದೇ, ಟ್ರಸ್ಸಿಗೆ ಕಟ್ಟಿದ್ದ ಲೈಟಿನ ಪೆಟ್ಟಿಗೆಯಿಂದ ಪಂಪಿಗೆ ಹೋಗುವ ಸಣ್ಣ ಹಸಿರು ಅರ್ತ್ ವೈರು. ನೂರಕ್ಕೂ ಹೆಚ್ಚು ಆಂಪ್ ಅದರಲ್ಲೇ ಓಡಿತು. ಸ್ವಲ್ಪ ಹೊತ್ತಿನಲ್ಲಿ ಆರ್ಕ್ ಸತ್ತಿತು. ಬೈದುಕೊಂಡು ಕೆಳಗಿಳಿದೆ, ಉದ್ದದ ಕೇಬಲ್ ತಂದೆ, ಕೆಲಸ ಮುಗಿಸಿ ದುಡ್ಡು ತೆಗೆದುಕೊಂಡು ಬಂದೆ.

ವೈರು ಪೈಪಿನೊಳಗೆ ಸುಟ್ಟು ತುಂಡಾದದ್ದು ಯಾರಿಗೂ ಕಾಣಲಿಲ್ಲ. ಮಳೆ ಶುರುವಾಗಿ ಪಂಪಿನ ವೈಂಡಿಂಗಿಗೆ ತೇವ ಹಿಡಿದಾಗ ಪಂಪಿನ ಹೊರಮೈಗೆ ಕರೆಂಟು ಬಂತು. ಅದನ್ನು ಭೂಮಿಗೆ ಇಳಿಸಬೇಕಾದ ವೈರು ಇರಲಿಲ್ಲ. ಸ್ವಿಚ್ ಹಾಕಿ ಪಂಪ್ ಮುಟ್ಟಿದ ಮನೆಯ ಯಜಮಾನರನ್ನು ಎತ್ತಿ ಎಸೆಯಿತು. ಬಾವಿಯ ಕಡೆಗಲ್ಲ, ತೋಟದ ಕಡೆಗೆ ಬಿದ್ದರು. ಬದುಕಿದರು. ನೋಡಲು ಹೋದವನಿಗೆ ಅವರೇ ಚಹಾ ಕೊಡಿಸಿದರು, ನನ್ನಿಂದ ಹೀಗಾಯಿತು ಅಂತ ಗೊತ್ತಿಲ್ಲದೆ. ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ.

ಅದಕ್ಕೇ ಹೇಳುವುದು, ಎರಡೂ ಕೇಬಲ್ ಒಂದೇ ಸೈಜ್, ಒಂದೇ ಉದ್ದ ಇರಲಿ. ಕ್ಲಾಂಪನ್ನು ಸುಡುವ ಜಾಗದ ಪಕ್ಕದಲ್ಲೇ, ಪೇಂಟ್ ಕೆರೆದು ಕಚ್ಚಿಸು. ಕೇಬಲ್ ಬದಲು ಸರಳು ತುಂಡು ಜೋಡಿಸಿ ಎಳೆಯುವುದು, ಶೀಟನ್ನೇ ದಾರಿ ಮಾಡುವುದು ಬೇಡ. ಗಾಡಿಯ ಮೇಲೆ ಕೆಲಸವಿದ್ದರೆ ಮೊದಲು ಬ್ಯಾಟರಿ ಬಿಚ್ಚು. ಉಳಿದ ಕೇಬಲನ್ನು ಸುರುಳಿಯಲ್ಲೇ ಇಟ್ಟು ಸುಡಬೇಡ, ಬಿಸಿ ಹೊರಗೆ ಹೋಗುವುದಿಲ್ಲ. ಹೆಗಲಿಗೆ ಸುತ್ತಿಕೊಳ್ಳುವ ನಿನ್ನ ಅಭ್ಯಾಸವನ್ನೂ ಕಂಡಿದ್ದೇನೆ.

ನಮ್ಮಲ್ಲಿ ಇರುವುದು ಮೂರೇ ಜನ, ನಮಗೆ ಯಾವ ಕಾನೂನು ಅಂತ ಅಕ್ಕನ ಹತ್ತಿರ ಅಂದೆಯಂತೆ. ನಾನು ಕೆಲಸ ಕಲಿತದ್ದು 1948ರ ಫ್ಯಾಕ್ಟರಿ ಕಾಯ್ದೆಯ ಕಾಲದಲ್ಲಿ. ಆಗ ಕರೆಂಟಿನಲ್ಲಿ ನಡೆಯುವ ಜಾಗದಲ್ಲಿ 10 ಜನ ಇದ್ದರೆ ಅದು ಫ್ಯಾಕ್ಟರಿ. ಕೆಲಸಗಾರರ ಸುರಕ್ಷತೆಯ 2020ರ ಹೊಸ ಕಾನೂನಿನಲ್ಲಿ, ಅಂದರೆ ಸಂಹಿತೆಯಲ್ಲಿ, ಅದನ್ನು 20 ಅಂತ ಬರೆದರು. ಹಾಗಾಗಿ ನಿನ್ನ ಶೆಡ್ಡಿಗೆ ಇನ್‌ಸ್ಪೆಕ್ಟರ್ ಬರಲಿಕ್ಕಿಲ್ಲ. ಆದರೆ ಕಂಪನಿಯ ಗೇಟಿನೊಳಗೆ ಕಾಂಟ್ರಾಕ್ಟಿಗೆ ಬಂದವನೂ ಅವರ ಲೆಕ್ಕದ ಕೆಲಸಗಾರನೇ. ನಿನಗೆ ಏನಾದರೂ ಆದರೆ ಉತ್ತರ ಕೊಡಬೇಕಾದವರು ಆ ಕಂಪನಿಯವರು. ಆ ಆಫೀಸರ್ ಮೇಲೆ ಸಿಟ್ಟು ಯಾಕೆ?

ನಿನ್ನ ಇಬ್ಬರು ಬಂಗಾಳದ ಹುಡುಗರಿಗೆ ಮಲಯಾಳದ ಬೋರ್ಡೂ ಓದಲು ಬರುವುದಿಲ್ಲ, ಕನ್ನಡದ್ದೂ ಬರುವುದಿಲ್ಲ. ದಿನಾ ಬೆಳಿಗ್ಗೆ ಕೇಬಲನ್ನು ಉದ್ದಕ್ಕೆ ಹಾಸಿ, ಮೆಷಿನ್ ಆಫ್ ಇರುವಾಗ, ಕೈಯಿಂದ ಸವರಿ ನೋಡಲು ಕಲಿಸು. ಬಿರುಕು ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ.

ಹಳೆ ಕೇಬಲ್ ಗುಜರಿಗೆ ಹಾಕಬೇಡ. ಟೇಪಿನ ಗಂಟು ಕತ್ತರಿಸಿ ತೆಗೆದರೆ ಉಳಿದ ತುಂಡು ಶೆಡ್ಡಿನೊಳಗಿನ ಸಣ್ಣ ಕೆಲಸಕ್ಕೆ ಆದೀತು. ಭಾನುವಾರ ಬೆಳಗ್ಗಿನ ಬಸ್ಸಿಗೆ ಬರುತ್ತೇನೆ. ನನ್ನ ಕ್ರಿಂಪಿಂಗ್ ಟೂಲ್ ತರುತ್ತೇನೆ, ಲಗ್ಗು ನೀನು ತಂದಿಡು. 35ರದ್ದು, ನಾಲ್ಕು.

ಇತಿ,
ನಿನ್ನ ಮಾವ